ವಾಲಿದ ಕೋಳಿ ಗೂಡಿಗೆ ಕಲ್ಲು ಕೊಡೋ ಮೊದಲು ಬಚ್ಚಲ ನೀರು ತಿರುಗಿಸ್ರಿ

ಕೋಳಿ ಗೂಡು ಒಂದು ಕಡೆ ವಾಲಿದರೆ ನಾವೆಲ್ಲ ಮಾಡೋದು ಒಂದೇ ಕೆಲಸ. ಎಲ್ಲಿಂದಾದರೂ ಒಂದು ಚಪ್ಪಟೆ ಕಲ್ಲು ಹುಡುಕಿ ತಂದು ತಗ್ಗಾದ ಮೂಲೆಗೆ ತುರುಕ್ತೀವಿ. ನಾನೂ ಅದನ್ನೇ ಮಾಡಿದ್ದೆ. ಆ ಕಲ್ಲಿನಿಂದಲೇ ನಮ್ಮವ್ವನ ಒಂಬತ್ತು ಕೋಳಿ ಹೋದವು ಅಂತ ಹೇಳಿದರೆ ನಗ್ತೀರಿ. ಪೂರ್ತಿ ಓದ್ರಿ, ಆಮೇಲೆ ನಗ್ರಿ.

ನಮ್ಮ ಹೊಲ ಭೂತನಾಳದಲ್ಲಿದೆ, ಕೆರೆಯಿಂದ ಬಹಳ ದೂರ ಇಲ್ಲ. ವಿಜಯಪುರ ಪಟ್ಟಣಕ್ಕೆ ಕುಡಿಯೋ ನೀರು ಕೊಟ್ಟ ಕೆರೆ ಅದು. ಈಗ ಊರು ಬೆಳೆದು ಬೆಳೆದು ಪ್ಲಾಟಿನ ಕಲ್ಲು ನಮ್ಮ ಬದುವಿನ ತನಕ ಬಂದಾವ. ನಮ್ಮ ಗೂಡು 10 ಅಡಿ ಉದ್ದ, 6 ಅಡಿ ಅಗಲ. ಹಳೇ ದ್ರಾಕ್ಷಿ ಪಡ ಕಿತ್ತಾಗ ಉಳಿದ ಆಂಗಲ್ ತಂದು ಅಪ್ಪ ವೆಲ್ಡಿಂಗ್ ಮಾಡಿಸಿದ್ದು. ಸುತ್ತ ತಂತಿ ಜಾಳಿಗೆ, ಮೇಲೆ ಪತ್ರಾಸ, ಕೆಳಗೆ ಶಹಾಬಾದ ಪರಸಿ. ಆರು ಕರಿಕಲ್ಲಿನ ಮೇಲೆ ಕುಂತದೆ. ಒಂದು ಕಡೆ ದೊಡ್ಡ ಬೇವಿನ ಗಿಡ, ಇನ್ನೊಂದು ಕಡೆ ಬಟ್ಟೆ ಒಗೆಯೋ ಕಲ್ಲು. ಬೇವಿನ ಗಿಡ ಮತ್ತು ಒಗೆಯೋ ಕಲ್ಲು, ಈ ಎರಡನ್ನೂ ನೆನಪಿಟ್ಟುಕೊಳ್ರಿ. ಮುಂದೆ ಇವೇ ಬರ್ತಾವ.

ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ನೋಡಿದಾಗ ಬೇವಿನ ಗಿಡದ ಕಡೆಯ ಮೂಲೆ ಎರಡು ಇಂಚು ತಗ್ಗಾಗಿತ್ತು. ಕುಡಿಯೋ ನೀರಿನ ತಟ್ಟೆ ಆ ಕಡೆ ಚೆಲ್ಲೋದು, ಹೊಟ್ಟು ತೊಯ್ದು ನಾರೋದು. ನಾನು ಹಾರಿ ಹಾಕಿ ಎತ್ತಿ ಒಂದು ಕಲ್ಲು ಕೊಟ್ಟೆ. ಅರ್ಧ ತಾಸಿನ ಕೆಲಸ. ಮೊಬೈಲ್ ಇಟ್ಟು ನೋಡಿದರೆ ಲೆವೆಲ್ ಆಪ್ ಸೊನ್ನೆ ತೋರಿಸ್ತು. ಫೋಟೊ ತೆಗೆದು ಸ್ಟೇಟಸ್ಸಿಗೂ ಹಾಕಿದೆ.

ಉತ್ತರಿ ಮಳೆ ಬಂತು. ಬಾಗಿಲು ಹಾಕಲಿಕ್ಕೆ ಬರಲಿಲ್ಲ, ಕೆಳಗಿನ ಅಂಚು ಹೊಸ್ತಿಲಿಗೆ ತಿಕ್ಕೋದು. "ಮಳಿಗೆ ಬಾಗಿಲ ಉಬ್ಬ್ಯಾವ" ಅಂದುಕೊಂಡು ಕೆಳಗೆ ಒಂದು ಇಂಚು ಕತ್ತರಿಸಿಬಿಟ್ಟೆ. ಕಬ್ಬಿಣದ ಚೌಕಟ್ಟಿನ ಬಾಗಿಲು ಮಳೆಗೆ ಹೆಂಗ ಉಬ್ಬೀತು ಅಂತ ಯೋಚನೆ ಮಾಡೋ ಬುದ್ಧಿ ಆವತ್ತು ಬರಲಿಲ್ಲ. ಚಳಿಗಾಲ ಹೋಯಿತು, ನೆಲ ಒಣಗಿತು, ಬೇವಿನ ಕಡೆಯ ಮೂಲೆ ಕಲ್ಲಿನ ಸಮೇತ ಮತ್ತೆ ಇಳಿಯಿತು. ಶಿವರಾತ್ರಿ ಹೊತ್ತಿಗೆ ಬಾಗಿಲ ಕೆಳಗೆ ಮೂರು ಬೆರಳು ಸಂದಿ. ನಾನು ನೋಡಿದ್ದೆ. ನಾಳೆ ಒಂದು ಹಲಗೆ ಹೊಡೆಯೋಣ ಅಂತ ಬಿಟ್ಟಿದ್ದೆ.

ಆ ನಾಳೆ ಬರೋದರೊಳಗೆ ಮುಂಗುಸಿ ಬಂತು. ಬೆಳಕು ಹರಿಯೋ ಹೊತ್ತು. ಅವ್ವ ಒಲೆ ಹಚ್ಚಿ ಚಹಾ ಇಟ್ಟಿದ್ದಳು, ಕೋಳಿಗಳ ಗದ್ದಲ ಕೇಳಿ ಓಡಿದಳು. ಅಷ್ಟರೊಳಗೆ ಒಂಬತ್ತು ಸತ್ತಿದ್ದವು. ಮುಂಗುಸಿ ಎಲ್ಲವನ್ನೂ ತಿನ್ನಲಿಕ್ಕೆ ಕೊಲ್ಲೋದಿಲ್ಲ. ಗೂಡಿನೊಳಗೆ ಸಿಕ್ಕಿಬಿದ್ದು ಹಾರಾಡೋ ಕೋಳಿ ಕಂಡರೆ ಒಂದರ ಮೇಲೊಂದು ಕುತ್ತಿಗೆ ಹಿಡಿತದೆ.

ಒಂಬತ್ತು ಕೋಳಿ ಅಂದರೆ ನಿಮಗೇನೂ ದೊಡ್ಡದು ಅನ್ನಿಸಲಿಕ್ಕಿಲ್ಲ. ಆದರೆ ನಮ್ಮ ಮನೆಯಲ್ಲಿ ಜೋಳದ ರೊಕ್ಕ, ತೊಗರಿ ರೊಕ್ಕ ಅಪ್ಪನ ಹೆಸರಿನ ಖಾತೆಗೆ ಹೋಗ್ತದೆ, ಅಲ್ಲಿಂದ ಸೊಸೈಟಿ ಸಾಲಕ್ಕೆ ಹೋಗ್ತದೆ. ಕೋಳಿ ಮತ್ತು ತತ್ತಿಯ ರೊಕ್ಕ ಮಾತ್ರ ಅವ್ವನ ಸೆರಗಿನ ಗಂಟಿನಲ್ಲಿ ಇರ್ತದೆ. ಪ್ಲಾಟಿನ ಮನೆಯವರು ಬಂದು ಜವಾರಿ ತತ್ತಿ ಒಂದಕ್ಕೆ 12, 15 ರೂಪಾಯಿ ಕೊಟ್ಟು ಒಯ್ತಾರೆ. ನನ್ನ ತಂಗಿಯ ಕಾಲೇಜಿನ ಬಸ್ ಪಾಸು ಆ ಗಂಟಿನಿಂದಲೇ ಆದದ್ದು. ಆವತ್ತು ಅವ್ವ ನನಗೆ ಬೈಯಲಿಲ್ಲ. "ತಮ್ಮಾ, ನಾಳಿ ನಾಳಿ ಅಂತಿದ್ದೆಲ್ಲಾ" ಅಂದಳು, ಅಷ್ಟೇ.

ಮಧ್ಯಾಹ್ನ ಕಾಕಾನ ಮಗ ಬಂದ. ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಹೊಸ ಶೆಡ್ಡು, ಹಸಿರು ನೆಟ್ಟು, ನಿಪ್ಪಲ್ ಡ್ರಿಂಕರ್, ಸಾಲಾಗಿ ನಿಂತ ಕೋಳಿ. "ಅಣ್ಣಾ, ಈ ಹಳೇ ಡಬ್ಬಿ ಕೆಡವು. ಸಾಲಾ ತಗೊಂಡು ದೊಡ್ಡ ಶೆಡ್ ಹಾಕಿ ಬಿಡು. ಸಬ್ಸಿಡಿ ಐತಿ."

ಸಬ್ಸಿಡಿ ಇರೋದು ಖರೆ. ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ 2021-22ರಿಂದ ಗ್ರಾಮೀಣ ಕೋಳಿ ಉದ್ಯಮಕ್ಕೆ ಬಂಡವಾಳದ ಅರ್ಧ, ಗರಿಷ್ಠ 25 ಲಕ್ಷ ರೂಪಾಯಿ ತನಕ ಸಹಾಯಧನ ಇದೆ. ಆದರೆ ಅದು 1000 ತಾಯಿ ಕೋಳಿ ಇಟ್ಟು, ಮರಿ ಮಾಡಿಸಿ ಮಾರೋ ದೊಡ್ಡ ಘಟಕಕ್ಕೆ. ಆ ಉದ್ಯೋಗ ಮಾಡೋ ತಾಕತ್ತು, ಜಾಗ, ಮಾರುಕಟ್ಟೆ ಇದ್ದವರು ಮಾಡಲಿ, ಬ್ಯಾಡ ಅನ್ನೋನಲ್ಲ ನಾನು. ನನ್ನ ತಕರಾರು ಬೇರೆ. 30 ಕೋಳಿಯ ಗೂಡು ವಾಲಿದೆ ಅಂತ ಅದನ್ನು ಕೆಡವಿ ಅದೇ ನೆಲದ ಮೇಲೆ, ಅದೇ ಬಚ್ಚಲ ನೀರಿನ ಪಕ್ಕ ಹೊಸದು ಕಟ್ಟಿದರೆ ಹೊಸದೂ ವಾಲ್ತದೆ. ಸಾಲದ ಕಂತು ಮಾತ್ರ ನೆಟ್ಟಗೆ ನಿಂತಿರ್ತದೆ. ಹಳೇ ಗೂಡಿನ ಕಬ್ಬಿಣಕ್ಕೆ ಏನೂ ಆಗಿರೋದಿಲ್ಲ, ಪತ್ರಾಸು ಇನ್ನೂ ಹತ್ತು ವರ್ಷ ಬಾಳ್ತದೆ. ಕೆಟ್ಟಿರೋದು ನೆಲ, ಅದೂ ನಾವೇ ಕೆಡಿಸಿದ್ದು.

ಇದನ್ನು ನನಗೆ ತಿಳಿಸಿಕೊಟ್ಟವರು ನಮ್ಮೂರ ಗೌಂಡಿ ಕಾಕಾ. ಕಲ್ಲಿನ ಕೆಲಸ ಮಾಡಿ ಮಾಡಿ ಸೊಂಟ ಬಾಗಿದವರು. ಬಂದವರು ಗೂಡು ಮುಟ್ಟಲಿಲ್ಲ. ಸುತ್ತ ಎರಡು ಸಲ ಅಡ್ಡಾಡಿದರು, ಒಗೆಯೋ ಕಲ್ಲಿನ ಹತ್ತಿರ ನೆಲಕ್ಕೆ ಹಾರಿ ಚುಚ್ಚಿದರು. ಹಾರಿ ಬೆಣ್ಣೆಯೊಳಗೆ ಹೋದಂಗ ಒಂದು ಗೇಣು ಒಳಗೆ ಹೋಯಿತು. ಬೇವಿನ ಕಡೆ ಬಂದು ಚುಚ್ಚಿದರೆ ಟಣ್ ಅಂತ ಎದ್ದಿತು.

"ಯಾವ ಮೂಲಿ ಕುಂತೈತಿ ಅಂತ ಕೇಳ್ತಿ. ಯಾವ ಮೂಲಿ ಎದ್ದೈತಿ ಅಂತ ಯಾಕ ಕೇಳಂಗಿಲ್ಲ?" ಅಂದರು.

ಅಲ್ಲೇ ಇದ್ದದ್ದು ನನ್ನ ತಪ್ಪು. ನಮ್ಮದು ಎರಿ ನೆಲ. ಎರಿ ಮಣ್ಣಿನೊಳಗೆ ನೀರು ಕುಡಿದು ಉಬ್ಬೋ ಜಾತಿಯ ಜೇಡಿ ಇರ್ತದೆ. ತೊಯ್ದರೆ ಹಿಗ್ತದೆ, ಒಣಗಿದರೆ ಕುಗ್ಗಿ ಬಿರಿತದೆ. ಬ್ಯಾಸಿಗೆಯಲ್ಲಿ ಹೊಲದ ಬಿರುಕಿನೊಳಗೆ ಕೈ ಮೊಳಕೈ ತನಕ ಹೋಗೋದನ್ನು ನೀವೆಲ್ಲ ನೋಡಿದವರೇ. ಬೆಳೆಗೆ ಅದು ವರ. ಡೋಣಿ ಸಾಲಿನ ಬಿಳಿಜೋಳ ಹಿಂಗಾರಿಯಲ್ಲಿ ಮಳೆಯೇ ಇಲ್ಲದೆ ತೆನೆ ಹಾಕೋದು ಈ ಮಣ್ಣು ನೀರು ಹಿಡಿದಿಟ್ಟುಕೊಳ್ಳೋದರಿಂದ. ಆದರೆ ಅದೇ ಗುಣ ಕಟ್ಟಡಕ್ಕೆ ಶಾಪ. ಗೂಡಿನ ಒಂದು ಮೂಲೆಯಲ್ಲಿ ವರ್ಷವೆಲ್ಲ ಒಗೆದ ನೀರು ಇಂಗಿ ಮಣ್ಣು ಉಬ್ಬೇ ಇರ್ತದೆ. ಇನ್ನೊಂದು ಮೂಲೆಯಲ್ಲಿ ಬೇವಿನ ಬೇರು ಇದ್ದಬದ್ದ ಹಸಿಯನ್ನೆಲ್ಲ ಹೀರಿ ಮಣ್ಣು ಕುಗ್ತದೆ. ನಡುವೆ ಗೂಡು ತಿರುಚ್ತದೆ. ನಾನು ನೋಡಿದ್ದು ಕುಂತ ಮೂಲೆ ಮಾತ್ರ.

ಇನ್ನೊಂದು ಮಾತು ಕಾಕಾ ಹೇಳಿದ್ದು ಬಹಳ ಮಂದಿಗೆ ಗೊತ್ತಿರಲಿಕ್ಕಿಲ್ಲ. ಗೂಡು ಹಗುರ ಇದ್ದಷ್ಟೂ ಎರಿ ಮಣ್ಣು ಅದನ್ನು ಸುಲಭವಾಗಿ ಎತ್ತುತದೆ. ಭಾರದ ಕಟ್ಟಡ ಮಣ್ಣನ್ನು ಸ್ವಲ್ಪವಾದರೂ ಒತ್ತಿ ಹಿಡಿತದೆ. ಕೋಳಿ ಗೂಡು, ಪಂಪ್ ಸೆಟ್ಟಿನ ಕೋಲಿ, ಕಂಪೌಂಡ್ ಗೋಡೆ ಇಂಥವೇ ಮೊದಲು ಸೊಟ್ಟಗಾಗೋದು ಅದಕ್ಕೇ. "ಸಣ್ಣ ಗೂಡು, ಅದಕ್ಕೇನು ಬುನಾದಿ" ಅಂತ ನಾವು ಅಂತೀವಲ್ಲ, ಲೆಕ್ಕ ಉಲ್ಟಾ ಇದೆ.

ಹಂಗಾದರೆ ಗೋಲ ಗುಮ್ಮಟ ಇಷ್ಟು ವರ್ಷ ಹೆಂಗ ನಿಂತಿದೆ ಅಂತ ಕೇಳ್ತೀರೇನೋ. 1656ರಲ್ಲಿ ಮುಗಿದ ಕಟ್ಟಡ. ಅದರ ಬುನಾದಿ ಕೆಳಗಿನ ಬಂಡೆಯ ಮೇಲೆ ಕುಂತದೆ, ಹಂಗಾಗಿ ಒಂದು ಕಡೆ ಕುಸಿದು ಒಂದು ಕಡೆ ಏಳೋ ಪ್ರಶ್ನೆ ಬರಲಿಲ್ಲ. ಆದಿಲಶಾಹಿ ಗೌಂಡಿಗಳಿಗೂ ನಮ್ಮ ಗೌಂಡಿ ಕಾಕಾಗೂ ನೆಲದ ಬಗ್ಗೆ ಒಂದೇ ತಿಳಿವಳಿಕೆ ಇತ್ತು ಅನ್ನಬೇಕು. ನಮ್ಮ ಕಡೆ ಎತ್ತರದ ಜಾಗದಲ್ಲಿ ಗರಸು, ತಗ್ಗಿನಲ್ಲಿ ಎರಿ. ಒಂದೇ ಹೊಲದಲ್ಲಿ ಎರಡೂ ಸಿಗ್ತಾವ. ಹೊಸ ಗೂಡು ಕಟ್ಟೋರಿದ್ದರೆ ಗರಸಿನ ಜಾಗ ಹುಡುಕ್ರಿ. ಕಟ್ಟಿ ಆಗಿದ್ದರೆ ಮುಂದೆ ಓದ್ರಿ.

ಮೊದಲು ನೀರು. ಇದರಲ್ಲಿ ರಾಜಿ ಇಲ್ಲ. ಫೆಬ್ರುವರಿ ಕೊನೆಗೆ ನಾವು ಗೂಡಿಗೆ ಕೈ ಹಚ್ಚದೆ ಒಗೆಯೋ ಕಲ್ಲನ್ನೇ 15 ಅಡಿ ಆಚೆ ಒಯ್ದೆವು. ನೀರಿಗೆ ಪೈಪ್ ಹಾಕಿ ಬಾಳೆ, ನುಗ್ಗಿ ಗಿಡಕ್ಕೆ ತಿರುಗಿಸಿದೆವು. ಪತ್ರಾಸಿನ ಮಳೆ ನೀರು ಗೂಡಿನ ಬುಡಕ್ಕೇ ಬೀಳ್ತಿತ್ತು, ಅದಕ್ಕೆ ಉದ್ದಕ್ಕೆ ಸೀಳಿದ ಪಿವಿಸಿ ಪೈಪ್ ಕಟ್ಟಿ ದೂರ ಬಿಟ್ಟೆವು. ತಿಕೋಟಾ, ಬಬಲೇಶ್ವರ ಕಡೆಯ ತಮ್ಮಂದಿರು ಇದನ್ನು ಇನ್ನೂ ಜೋಪಾನವಾಗಿ ನೋಡಬೇಕು. ತುಬಚಿ-ಬಬಲೇಶ್ವರ ಏತ ನೀರಾವರಿ, ಮುಳವಾಡ ಏತ ನೀರಾವರಿಯಿಂದ ಕಾಲುವೆ, ಕೆರೆ ತುಂಬಿದ ಮೇಲೆ ಒಣ ನೆಲದಲ್ಲಿ ಕಟ್ಟಿದ ಎಷ್ಟೋ ಗೋಡೆಗಳ ಬುಡಕ್ಕೆ ಈಗ ಹಸಿ ಬಂದಿದೆ. ಅಜ್ಜನ ಕಾಲದಲ್ಲಿ ನೆಟ್ಟಗೆ ನಿಂತಿದ್ದ ಗೂಡು ಈಗ ಯಾಕೆ ವಾಲಿತು ಅಂದರೆ, ಡ್ರಿಪ್ಪಿನ ಪೈಪ್ ಅದರ ಪಕ್ಕ ಸೋರ್ತಿದೆಯೇನು ಅಂತ ಮೊದಲು ನೋಡ್ರಿ.

ನೀರು ತಿರುಗಿಸಿದ ಮೇಲೆ ತಡೀಬೇಕು. ಇದು ನಮ್ಮ ವಯಸ್ಸಿನವರಿಗೆ ಆಗಲಾರದ ಕೆಲಸ, ಗೊತ್ತಿದೆ. ನನಗೂ ಆಗಲಿಲ್ಲ, ಕಾಕಾ ಬೈದು ಕೂಡಿಸಿದರು. ಮೇ ತಿಂಗಳಲ್ಲಿ ನೆಲ ಪೂರ್ತಿ ಕುಗ್ಗಿರ್ತದೆ, ಸೆಪ್ಟೆಂಬರ್ ಕೊನೆಗೆ ಪೂರ್ತಿ ಉಬ್ಬಿರ್ತದೆ. ಈ ಎರಡು ತುದಿಯಲ್ಲಿ ಲೆವೆಲ್ ಮಾಡಿದರೆ ಆರು ತಿಂಗಳಿಗೆ ಅದು ಸುಳ್ಳಾಗ್ತದೆ. ನಾನು ಕಲ್ಲು ಕೊಟ್ಟದ್ದು ಮೇ ತಿಂಗಳಲ್ಲಿ. ಮಿರಗ ಆಗಿ ಬಿರುಕು ಮುಚ್ಚಿ, ದೊಡ್ಡ ಮಳೆ ಇನ್ನೂ ಬಾರದ ಜುಲೈ ಹೊತ್ತು ಒಳ್ಳೇದು. ಇಲ್ಲದಿದ್ದರೆ ಮಳೆಗಾಲ ಮುಗಿದು ಬಿರುಕು ಬೀಳೋ ಮೊದಲು, ಡಿಸೆಂಬರಿನಲ್ಲಿ. ನಾವು ಜುಲೈ ತನಕ ಕಾದೆವು. ಅಲ್ಲಿ ತನಕ ಬಾಗಿಲ ಸಂದಿಗೆ ಹಲಗೆ ಬಡಿದು, ರಾತ್ರಿ ಮುಂದೆ ಒಂದು ಕಲ್ಲು ಇಡ್ತಿದ್ದೆ.

ಇನ್ನು ಅಳತೆ. ಮೊಬೈಲಿನ ಲೆವೆಲ್ ಆಪ್ ಮ್ಯಾಲೆ ನನಗೀಗ ನಂಬಿಕೆ ಇಲ್ಲ. ಫೋನಿನ ಹಿಂದೆ ಕ್ಯಾಮೆರಾ ಉಬ್ಬಿರ್ತದೆ, ಮೇಲೆ ಕವರ್ ಬೇರೆ. ಅರ್ಧ ಡಿಗ್ರಿ ತಪ್ಪಾದರೂ 10 ಅಡಿ ಉದ್ದಕ್ಕೆ ಒಂದು ಇಂಚಿಗಿಂತ ತುಸು ಹೆಚ್ಚೇ ವ್ಯತ್ಯಾಸ ಬೀಳ್ತದೆ. ಗೌಂಡಿಗಳ ಲೆವೆಲ್ ಪೈಪ್ ತಗೊಳ್ರಿ. ಒಳಗಿನ ನೀರು ಕಾಣೋ 30 ಅಡಿ ಪೈಪ್ ಸಾಕು. ನೀರು ತುಂಬಿ, ಗಾಳಿ ಗುಳ್ಳೆ ಒಂದೂ ಇಲ್ಲದಂಗ ಮಾಡಿ, ಎರಡೂ ತುದಿ ಮೇಲೆ ಹಿಡಿದರೆ ಎರಡು ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ತದೆ. ಅದಕ್ಕೆ ಚಾರ್ಜ್ ಬ್ಯಾಡ, ನೆಟ್‌ವರ್ಕ್ ಬ್ಯಾಡ. ಗುಳ್ಳೆ ಇದ್ದರೆ ಮಾತ್ರ ಸುಳ್ಳು ಹೇಳ್ತದೆ. ಆರೂ ಕಾಲಿಗೆ ಒಂದೇ ಮಟ್ಟದಲ್ಲಿ ಗೆರೆ ಎಳೆದು, ಅಲ್ಲಿಂದ ಕೆಳಗಿನ ಆಂಗಲ್ ತನಕ ಟೇಪ್ ಹಿಡಿದು ಬರ್ಕೊಳ್ರಿ. ಚೌಕಟ್ಟು ತಿರುಚಿದೆಯೇನು ಅಂತ ನೋಡಲಿಕ್ಕೆ ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಅಳೀರಿ. ಎರಡೂ ಸಮ ಬರಬೇಕು. ನಮ್ಮದು ಒಂದೂವರೆ ಇಂಚು ಹೆಚ್ಚುಕಡಿಮೆ ಇತ್ತು. ಬಾಗಿಲು ಹತ್ತದೇ ಇದ್ದದ್ದಕ್ಕೆ ಕಾರಣ ಅದು. ಪಾಪ, ಬಾಗಿಲಿನ ತಪ್ಪೇ ಇರಲಿಲ್ಲ, ನಾನು ಅದರ ಕಾಲು ಕತ್ತರಿಸಿದ್ದೆ.

ಎತ್ತೋದಕ್ಕೆ ಟ್ರ್ಯಾಕ್ಟರ್ ಜಾಕ್ ಇದ್ದರೆ ಸಾಕು. ಕೋಳಿ ಹೊರಗೆ ಬಿಟ್ಟು, ಪತ್ರಾಸಿನ ಬೋಲ್ಟು ಮತ್ತು ಒಂದು ಕಡೆಯ ಜಾಳಿಗೆ ಸಡಿಲ ಮಾಡಿಕೊಳ್ರಿ. ಇಲ್ಲಾಂದರೆ ಎತ್ತೋವಾಗ ಜಾಳಿಗೆ ಹರಿತದೆ. ಜಾಕಿನ ಕೆಳಗೆ ದಪ್ಪ ಹಲಗೆ ಇರಲಿ. ಒಂದು ಮೂಲೆಯನ್ನು ಒಂದೇ ಸಲ ಎರಡು ಇಂಚು ಎತ್ತಬ್ಯಾಡ್ರಿ, ಅರ್ಧ ಅರ್ಧ ಇಂಚು ಎತ್ತಿ ಕಲ್ಲು ಕೊಡುತ್ತ ಮುಂದಿನ ಮೂಲೆಗೆ ಹೋಗ್ರಿ. ಜಾಕ್ ಮೇಲೆ ಮಾತ್ರ ನಿಂತಿರೋ ಗೂಡಿನ ಕೆಳಗೆ ಕೈ ಹಾಕೋದು ಯಾವ ಅವಸರಕ್ಕೂ ಬ್ಯಾಡ. ಹಳೇ ಕಲ್ಲು ಎತ್ತೋವಾಗ ಹಾರಿಯಿಂದ ಎತ್ರಿ, ಬೆರಳಿನಿಂದಲ್ಲ. ನಮಗೆ ಎರಡು ಕಲ್ಲಿನ ಕೆಳಗೆ ಚೇಳು ಸಿಕ್ಕವು.

ಕಲ್ಲು ಇಡೋ ಜಾಗ ಒಂದೊಂದಕ್ಕೂ 2 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಆಳ ಎರಿ ಮಣ್ಣು ತೆಗೆದೆವು. ನಾನು ಉಸುಕು ತರಿಸಲಿಕ್ಕೆ ಹೊರಟಿದ್ದೆ. ಕಾಕಾ ತಡೆದರು. ಎರಿಯ ನಡುವೆ ಗುಂಡಿ ತೋಡಿ ಉಸುಕು ತುಂಬಿದರೆ ಅದು ನೀರು ನಿಲ್ಲೋ ಬಟ್ಟಲು ಆಗ್ತದೆ. ಮಳೆ ನೀರು ಅಲ್ಲೇ ಇಳಿದು ಸುತ್ತಲಿನ ಎರಿಗೆ ನಿಧಾನಕ್ಕೆ ಕುಡಿಸ್ತದೆ. ಬೇಕಾದ್ದು ಸ್ವಲ್ಪ ಜಿಗುಟು ಇರೋ, ಆದರೆ ಉಬ್ಬದ ಕೆಂಪು ಗರಸು. ಅರ್ಧ ಅಡಿಗೆ ಒಂದು ಪದರ ಹಾಕಿ, ನೀರು ಚಿಮುಕಿಸಿ, ದಿಮ್ಮಸು ಹೊಡೆದು ಮುಂದಿನ ಪದರ. ಹಳ್ಳಿ ಗೌಂಡಿ ಹೇಳಿದ್ದು ಅಂತ ಹಗುರವಾಗಿ ನೋಡಬ್ಯಾಡ್ರಿ. ಉಬ್ಬೋ ಮಣ್ಣಿನ ಮೇಲೆ ಉಬ್ಬದ ಮಣ್ಣಿನ ಪದರ ಬಡಿದು ಹಾಕಿದರೆ ಕೆಳಗಿನ ಉಬ್ಬು ಹತೋಟಿಗೆ ಬರ್ತದೆ ಅಂತ ಮುಂಬಯಿ ಐಐಟಿಯ ಪ್ರೊ. ಆರ್.ಕೆ. ಕಟ್ಟಿ ಅವರು ವರ್ಷಗಟ್ಟಲೆ ಪ್ರಯೋಗ ಮಾಡಿ ತೋರಿಸಿದ್ದಾರೆ. ಎರಿ ನೆಲದ ಕಾಲುವೆ ಕೆಲಸಕ್ಕೆ ಈ ವಿಧಾನ ಇವತ್ತಿಗೂ ಬಳಕೆಯಲ್ಲಿದೆ. ಅಲ್ಲಿ ಪದರ ಬಹಳ ದಪ್ಪ. ಕೋಳಿ ಗೂಡಿಗೆ 2 ಅಡಿಯಿಂದ ಉಬ್ಬು ಪೂರ್ತಿ ನಿಲ್ಲೋದಿಲ್ಲ, ಆದರೆ ಆರೂ ಕಾಲಿಗೆ ಒಂದೇ ಥರ ಆಗ್ತದೆ. ನಮಗೆ ಬೇಕಾದದ್ದು ಅಷ್ಟೇ. ಗೂಡು ಪೂರ್ತಿ ಅರ್ಧ ಇಂಚು ಎದ್ದರೆ ಕೋಳಿಗೆ ಗೊತ್ತಾಗೋದಿಲ್ಲ, ಒಂದು ಮೂಲೆ ಎದ್ದರೆ ಬಾಗಿಲು ಬಾಯಿ ಬಿಡ್ತದೆ.

ಆಮೇಲೆ ಗೂಡಿನ ಸುತ್ತ ಮೂರು ಅಡಿ ಅಗಲ ಗರಸು ಬಡಿದು, ಹೊರಗಡೆಗೆ ಮೂರು ಇಂಚು ಇಳಿಜಾರು ಕೊಟ್ಟೆವು. ಬೇವಿನ ಗಿಡ ಕಡಿಯೋಣ ಅಂತ ಕಾಕಾನ ಮಗ ಅಂದ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟೋ ನಮ್ಮೂರಲ್ಲಿ ಪತ್ರಾಸಿನ ಕೆಳಗಿನ ಕೋಳಿಗೆ ಆ ನೆರಳೇ ಜೀವ. ಒಂದು ಕಾಲು ಇಂಚು ವಾಲಿದರೂ ಪರವಾಗಿಲ್ಲ, ನೆರಳು ಇರಲಿ ಅಂದೆ. ಈ ಮಾತಿಗೆ ಅವ್ವ ನನ್ನ ಕಡೆ.

ಚೌಕಟ್ಟು ಲೆವೆಲ್ ಇರಬೇಕು, ಒಳಗಿನ ನೆಲ ಲೆವೆಲ್ ಇರಬಾರದು. ಇದನ್ನು ಬಹಳ ಮಂದಿ ತಪ್ಪು ತಿಳಿತಾರೆ. ಪರಸಿ ಮತ್ತೆ ಹಾಸೋವಾಗ ಬಾಗಿಲ ಕಡೆಗೆ ಒಂದು ಇಂಚು ಇಳಿಜಾರು ಕೊಟ್ಟೆವು, ತೊಳೆದ ನೀರು ಹೊರಗೆ ಹೋಗ್ಲಿ ಅಂತ. ಕೋಳಿ ಕೂಡೋ ಕೋಲು ಮಾತ್ರ ಸಮ ಇರಬೇಕು. ಕೋಲು ಇಳಿಜಾರು ಇದ್ದರೆ ಎಲ್ಲವೂ ಎತ್ತರದ ತುದಿಗೇ ನುಗ್ತಾವ, ಕಚ್ಚಾಡ್ತಾವ. ನೀರಿನ ತಟ್ಟೆಯೂ ಸಮ ಇರಬೇಕು. ತೊಯ್ದ ಹೊಟ್ಟಿನಲ್ಲಿ ರಕ್ತಭೇದಿಯ ರೋಗಾಣು ಬೆಳಿತದೆ, ಅದರ ಮೂತಿ ಸುಡೋ ವಾಸನೆ ಕೋಳಿಯ ಕಣ್ಣು, ಉಸಿರು ಎರಡನ್ನೂ ಕೆಡಿಸ್ತದೆ. ಪಕ್ಕದ ಪ್ಲಾಟಿನವರು ಮೂಗು ಮುಚ್ಚಿಕೊಂಡು ತಕರಾರು ತರೋದೂ ಅಲ್ಲಿಂದಲೇ. ಅವರೇ ನಮ್ಮ ತತ್ತಿಯ ಗಿರಾಕಿ. ಈಗ ಶೇಂಗಾ ಹೊಟ್ಟು ಮೂರು ಇಂಚು ಹಾಕಿ ವಾರಕ್ಕೆರಡು ಸಲ ಕೆದಕ್ತೀವಿ.

ಗೂಡು ಬಿಚ್ಚಿದಾಗ ಇನ್ನೊಂದು ಕೆಲಸ ಮಾಡ್ಕೊಳ್ರಿ. ಆಂಗಲ್ಲಿನ ಸಂದಿ, ಹಳೇ ಹಲಗೆಯ ಬಿರುಕಿನೊಳಗೆ ಕೋಳಿ ಉಣ್ಣಿ ಇರ್ತಾವ. ಹಗಲು ಬಿರುಕಿನಲ್ಲಿ ಅಡಗಿ ರಾತ್ರಿ ಹೊರಬಂದು ರಕ್ತ ಕುಡಿತಾವ, ಹಂಗಾಗಿ ಹಗಲು ಕೋಳಿ ಹಿಡಿದು ನೋಡಿದರೆ ಕಾಣೋದಿಲ್ಲ. ತಿಂಗಳುಗಟ್ಟಲೆ ಉಪವಾಸ ಇದ್ದರೂ ಸಾಯೋದಿಲ್ಲ, ಗೂಡು ಖಾಲಿ ಬಿಟ್ಟರೆ ಹೋಗ್ತಾವ ಅನ್ನೋದು ಸುಳ್ಳು. ನಾವು ವೆಲ್ಡರನ ಹತ್ತಿರ ಗ್ಯಾಸಿನ ಬೆಂಕಿ ತಂದು ಕಬ್ಬಿಣದ ಸಂದಿಯನ್ನೆಲ್ಲ ಸುಟ್ಟೆವು, ಹಲಗೆ ಹೊಸದು ಹಾಕಿ ಸುಣ್ಣ ಬಳಿದೆವು. ಔಷಧ ಹೊಡೆಯೋದಿದ್ದರೆ ಪಶು ಡಾಕ್ಟರನ್ನು ಕೇಳಿ ಹೊಡೀರಿ. ದ್ರಾಕ್ಷಿಗೆ ತಂದು ಉಳಿದ ಕೀಟನಾಶಕ ಮನೆಯಲ್ಲಿ ಐತಿ ಅಂತ ಗೂಡಿನೊಳಗೆ ಹೊಡೆದು ಕೋಳಿಯನ್ನೂ ತತ್ತಿ ತಿನ್ನೋರನ್ನೂ ಅಪಾಯಕ್ಕೆ ದೂಡಬ್ಯಾಡ್ರಿ.

ನಿಮ್ಮದು ಕಲ್ಲು-ಮಣ್ಣಿನ ಗೋಡೆಯ ಗೂಡಾದರೆ ಜಾಕ್ ಹಚ್ಚಲೇಬ್ಯಾಡ್ರಿ, ಗೋಡೆ ಬಿಚ್ಕೊಂಡು ಬೀಳ್ತದೆ. ನೀರು ತಿರುಗಿಸ್ರಿ, ಗರಸು ಬಡೀರಿ, ಬಿರುಕನ್ನು ಒಂದು ವರ್ಷ ನೋಡ್ರಿ. ಇಲ್ಲಿ ಮೊಬೈಲ್ ನಿಜವಾಗಿ ಕೆಲಸಕ್ಕೆ ಬರ್ತದೆ. ಬಿರುಕಿನ ಪಕ್ಕ ಸ್ಕೇಲ್ ಹಿಡಿದು ಪ್ರತಿ ಅಮಾವಾಸ್ಯೆಗೆ ಒಂದು ಫೋಟೊ ತೆಗೀರಿ, ಒಂದೇ ಜಾಗದಿಂದ. ಹನ್ನೆರಡು ಫೋಟೊ ಸಾಲಾಗಿ ಇಟ್ಟು ನೋಡಿದರೆ ಬಿರುಕು ಬ್ಯಾಸಿಗೆಗೆ ಬಿಟ್ಟು ಮಳೆಗೆ ಕೂಡ್ತದೋ, ಇಲ್ಲ ಬಿಡುತ್ತಲೇ ಹೊಂಟದೋ ಗೊತ್ತಾಗ್ತದೆ. ಕೂಡಿ ಬಿಡೋ ಬಿರುಕಿಗೆ ಸಿಮೆಂಟ್ ತುಂಬಬ್ಯಾಡ್ರಿ, ಪಕ್ಕದಲ್ಲಿ ಇನ್ನೊಂದು ಬೀಳ್ತದೆ. ಸುಣ್ಣ-ಮಣ್ಣು ಸಾಕು. ಬಿಡುತ್ತಲೇ ಹೊಂಟಿದ್ದರೆ ಆ ಗೋಡೆ ಇಳಿಸೋದೇ ವಾಸಿ. ಅಂಥ ಗೂಡು ಉಳಿಸ್ರಿ ಅಂತ ನಾನೂ ಹೇಳೋದಿಲ್ಲ.

ಖರ್ಚು ಕೇಳ್ತೀರಿ. ಗರಸಿನ ಒಂದು ಟ್ರಿಪ್ಪು, ಕಾಕಾನ ಎರಡು ದಿನದ ಕೂಲಿ, ಅರ್ಧ ಇಂಚು ಕಣ್ಣಿನ ಹೊಸ ಜಾಳಿಗೆ ಕೆಳಗಿನ ಎರಡು ಅಡಿಗೆ, ಪೈಪು, ಬಾಗಿಲಿಗೆ ಕತ್ತರಿಸಿದ್ದ ಒಂದು ಇಂಚು ಮತ್ತೆ ಬೆಸೆದದ್ದು, ಎಲ್ಲ ಸೇರಿ ಏಳು ಸಾವಿರದ ಒಳಗೆ ಮುಗಿಯಿತು. ಜಾಕ್ ಪಕ್ಕದ ಹೊಲದವರದು, ಎರಡು ತತ್ತಿ ತಟ್ಟೆ ಕೊಟ್ಟೆವು. ಕಾಕಾನ ಮಗ ಹೇಳಿದ ಶೆಡ್ಡಿನ ಸಾಲಕ್ಕೆ ಮೊದಲ ಕಂತೇ ಇದಕ್ಕಿಂತ ಹೆಚ್ಚು ಬರ್ತಿತ್ತು. ಅವನು ಈಗಲೂ ನನ್ನದು ಕಂಜೂಸತನ ಅಂತಾನೆ. ಅನ್ನಲಿ. ಮೊನ್ನೆ ಅವನ ಮನೆಯ ಪಂಪಿನ ಕೋಲಿಯ ಬಾಗಿಲು ಹತ್ತವಲ್ದು ಅಂತ ಲೆವೆಲ್ ಪೈಪ್ ಒಯ್ದಿದ್ದಾನೆ, ಇನ್ನೂ ತಂದು ಕೊಟ್ಟಿಲ್ಲ.

ಒಂದು ಮಳೆಗಾಲ, ಒಂದು ಚಳಿಗಾಲ ದಾಟಿತು. ಹೋದ ವಾರ ಕಾಕಾನ ಪೈಪ್ ತಂದು ಅಳೆದೆ. ಬೇವಿನ ಕಡೆಯ ಮೂಲೆ ಕಾಲು ಇಂಚು ತಗ್ಗಿದೆ, ಉಳಿದ ಐದು ಕಾಲು ಗೆರೆಗೆ ಸರಿ ಇದಾವೆ. ಬಾಗಿಲ ಚಿಲಕ ಒಂದೇ ಬೆರಳಿಗೆ ಬೀಳ್ತದೆ. ಮುಂಗುಸಿ ಎರಡು ಸಲ ಸುತ್ತ ಅಡ್ಡಾಡಿ ಹೋದ ಹೆಜ್ಜೆ ಗರಸಿನ ಮೇಲೆ ಕಂಡಿತ್ತು. ಅವ್ವ ಉಳಿದ ಕೋಳಿಗಳಲ್ಲೇ ಎರಡನ್ನು ಕಾವಿಗೆ ಕೂಡಿಸಿ, ಮೇಲೆ ಹತ್ತು ಗಿರಿರಾಜ ಮರಿ ತಗೊಂಡು ಈಗ 31 ಮಾಡಿದ್ದಾಳೆ. ಒಗೆಯೋ ಕಲ್ಲು ದೂರ ಆಯಿತು, ನೀರು ಹೊತ್ತು ಹೊತ್ತು ಸಾಕಾಯಿತು ಅಂತ ದಿನಾ ಅಂತಾಳೆ. ಅಲ್ಲಿಗೊಂದು ನಳದ ಪೈಪ್ ಎಳೆಯೋದು ಬಾಕಿ ಇದೆ, ಈ ಭಾನುವಾರ ಅದೇ ಕೆಲಸ.